ಶ್ರಾವಣ ಸೋಮವಾರ ಎಳೆದ ಕಪಿಲೆ

"ಸೆಲಿ ಸಿಕ್ಕಿತೋ!" ಎಂದು ಬಾವಿಯ ತಳದಿಂದ ಕೂಗು ಬಂದಾಗ ನಾನು ಇಳಿಜಾರಿನಲ್ಲಿ ಎತ್ತುಗಳ ಹಿಂದೆ, ಮಿಣಿಯ ಮೇಲೆ ಕೂತಿದ್ದೆ. ಶ್ರಾವಣದ ಒಂದು ಭಾನುವಾರ, ಹೊತ್ತು ಇಳಿಯುತ್ತಿತ್ತು. ಕೆಳಗೆ ಅಗೆಯುತ್ತಿದ್ದವರು ಗುದ್ದಲಿ ಬಿಸಾಕಿ ಕುಣಿದರು. ಊರ ಮಂದಿ ದಂಡೆಗೆ ಓಡಿ ಬಂದು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. ಗೌಡರಂತೂ ತಲೆಯ ರುಮಾಲು ಕಿತ್ತು ಗಾಳಿಗೆ ಬೀಸಿದರು. ನಾನು ಮಾತ್ರ ಎತ್ತು ನಿಲ್ಲಿಸಲಿಲ್ಲ. ನೀರು ಕಂಡು ಕುಣಿಯುವುದು ಊರಿನ ಕೆಲಸ, ಆ ನೀರನ್ನು ಎತ್ತಿ ಹೊರಗೆ ಚೆಲ್ಲುವುದು ನನ್ನ ಕೆಲಸವಾಗಿತ್ತು.

ಆ ಕೆಲಸದ ಬಗ್ಗೆ ನನಗೆ ಗರ್ವ ಇತ್ತು, ಸುಳ್ಳು ಯಾಕೆ ಹೇಳಲಿ. ಕುಷ್ಟಗಿ, ಯಲಬುರ್ಗಾ ಕಡೆ ಎಲ್ಲಿ ಹೊಸ ಬಾವಿ ತೋಡಿದರೂ ತಳದ ನೀರು ಎತ್ತಲು ನನ್ನ ಜೋಡಿಯನ್ನೇ ಕರೆಯುತ್ತಿದ್ದರು. ಕಪಿಲೆ ಎಂದರೆ ಇಡೀ ಚರ್ಮದಿಂದ ಹೊಲಿದ ದೊಡ್ಡ ಚೀಲ. ಮೇಲೆ ಕಬ್ಬಿಣದ ಬಳೆ, ಕೆಳಗೆ ಆನೆಯ ಸೊಂಡಿಲಿನಂಥ ಬಾಯಿ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ಮಿಣಿ, ಅಂದರೆ ಆ ದಪ್ಪ ಹಗ್ಗ, ಗಾಲಿಯ ಮೇಲೆ ಹರಿದು ಚೀಲವನ್ನು ಮೇಲೆ ತರುತ್ತದೆ. ದಂಡೆಗೆ ಬಂದ ಕೂಡಲೇ ಸೊಂಡಿಲು ಬಿಚ್ಚಿ ನೀರು ಕಾಲುವೆಗೆ ಬೀಳುತ್ತದೆ. ಆಮೇಲೆ ಎತ್ತುಗಳು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಮತ್ತೆ ಮೇಲೆ ಬರಬೇಕು. ಹಿಂದೆ ಸರಿಯುವುದನ್ನು ಎತ್ತಿಗೆ ಕಲಿಸುವುದೇ ಈ ಕಸುಬಿನಲ್ಲಿ ಕಷ್ಟದ ಭಾಗ. ನನ್ನ ಎತ್ತುಗಳು ನಾನು ಬಾಯಿ ಬಿಡುವ ಮೊದಲೇ ಹಿಂದೆ ಸರಿಯುತ್ತಿದ್ದವು.

ಇದು ನಮ್ಮೂರಿನದೇ ಬಾವಿ. ಕುಕನೂರಿನಿಂದ ಯಲಬುರ್ಗಾ ಕಡೆ ಹೋಗುವ, ಕರಿ ಮಣ್ಣಿನ ಎರೆ ಸೀಮೆಯಲ್ಲಿ ನಮ್ಮೂರು. ಇದ್ದ ಹಳೆಯ ಬಾವಿಗಳೆಲ್ಲ ಸವುಳು, ಬೇಳೆ ಸಹ ಬೇಯದ ನೀರು. ಹೆಂಗಸರು ದೂರದ ಹಳ್ಳಕ್ಕೆ ಹೋಗಿ ಉಸುಕಿನಲ್ಲಿ ಕುಣಿ ತೋಡಿ, ಚಿಪ್ಪಿನಿಂದ ಬಳಿದು ಕೊಡ ತುಂಬಿಸಬೇಕಿತ್ತು. ನನ್ನ ಹೆಂಡತಿ ಬೆಳಗಿನ ಹೊತ್ತೆಲ್ಲ ಅದರಲ್ಲೇ ಕಳೆಯುತ್ತಿದ್ದಳು. ಹಾಗಾಗಿ ಊರೆಲ್ಲ ಸೇರಿ ಈ ಬಾವಿಗೆ ಕೈ ಹಾಕಿತ್ತು. ಬೇಸಿಗೆ ತುಂಬ ಅಗೆದಿದ್ದೆವು, ಮುಂಗಾರು ಕೈಕೊಟ್ಟ ಮೇಲೂ ಅಗೆದಿದ್ದೆವು.

ಕಲ್ಲು ಕಟ್ಟಲು ಗಂಗಾವತಿಯಿಂದ ಒಬ್ಬ ಮುಸಲ್ಮಾನ ಮೇಸ್ತ್ರಿ ಬಂದಿದ್ದ. ನನಗಿಂತ ಭಾಳ ಹಿರಿಯ, ಬಿಳಿ ಗಡ್ಡ, ನಾಲಿಗೆ ಮಾತ್ರ ಹರೆಯದ್ದು. ನಾನು ಕಾಕಾ ಎನ್ನುತ್ತಿದ್ದೆ, ಅವನು ನನಗೆ ತಮ್ಮಾ ಎನ್ನುತ್ತಿದ್ದ. ಬಾವಿಯ ಆಚೆ ಬದಿಯಲ್ಲಿ ಇನ್ನೊಂದು ಇಳಿಜಾರು, ಇನ್ನೊಂದು ಕಪಿಲೆ. ಅಲ್ಲಿ ಕರಿ ಎತ್ತಿನವನು ಹೊಡೆಯುತ್ತಿದ್ದ. ನಮ್ಮೂರಿನವನೇ, ನನ್ನ ವಾರಿಗೆಯವನೇ. ಗುಡಿಯ ಕಡೆ ತಲೆ ಹಾಕದವನು, ಮಾತಿಗೊಂದು ಬೈಗುಳ ಬೇಕು ಅವನಿಗೆ. ಅವನಿಗೂ ನನಗೂ ಯಾರ ಜೋಡಿ ಹೆಚ್ಚು ಎಂಬ ಪೈಪೋಟಿ ಮೊದಲಿನಿಂದಲೂ ಇತ್ತು.

ದೊಡ್ಡ ಲಡಾಯಿ ಮುಗಿಯಿತಂತೆ ಎಂದು ಸಂತೆಯಲ್ಲಿ ಮಾತಾಡಿಕೊಳ್ಳುತ್ತಿದ್ದ ವರ್ಷ ಅದು. ಆ ಸಲ ನಮ್ಮ ಶ್ರಾವಣವೂ ಅವರ ರಂಜಾನ್ ತಿಂಗಳೂ ಒಂದೇ ಅಮಾವಾಸ್ಯೆ ಕಳೆದು ಹುಟ್ಟಿದ್ದವು. ಕಾಕಾ ರೋಜಾ ಹಿಡಿದಿದ್ದ. ಬೆಳಕು ಹರಿಯುವ ಮೊದಲಿನಿಂದ ಹೊತ್ತು ಮುಳುಗುವವರೆಗೆ ಅನ್ನವಿಲ್ಲ, ಗುಟುಕು ನೀರೂ ಇಲ್ಲ, ಆದರೂ ಬಾವಿಯೊಳಗೆ ಕಲ್ಲು ಕೂಡಿಸುವ ಕೆಲಸ ಬಿಟ್ಟಿರಲಿಲ್ಲ. ಮೊದಲ ದಿನವೇ ನಮ್ಮ ಗೌಡರು ಒಂದು ಹುಕುಂ ಮಾಡಿದರು. ಗೌಡರು ಕೆಟ್ಟವರಲ್ಲ. ಆದರೆ ಯಾರಿಗಾದರೂ ಒಳ್ಳೆಯದು ಮಾಡಬೇಕೆಂದು ಅವರ ಮನಸ್ಸಿಗೆ ಬಂದರೆ ಊರೆಲ್ಲ ಅವರ ಮಾತು ಕೇಳಲೇಬೇಕು. ಕುಡಿಯುವ ನೀರಿನ ಗಡಿಗೆಯನ್ನು ಬನ್ನಿ ಗಿಡದ ಹಿಂದೆ ಇಡಿಸಿ, "ಮೇಸ್ತ್ರಿ ಎದುರಿಗೆ ಯಾರರೆ ನೀರು ಕುಡಿದೀರಿ, ನೋಡ್ರಿ ಮತ್ತ!" ಎಂದರು.

ಎರೆ ನೆಲದ ಬಿಸಿಲಿನಲ್ಲಿ ಅಗೆಯುವವರ ನಾಲಿಗೆ ಹೊರಗೆ ಬಂತು. ಮಧ್ಯಾಹ್ನ ಕಾಕಾ ಮೇಲೆ ಹತ್ತಿ ಬಂದು, ಗಡಿಗೆ ಎಲ್ಲಿ ಎಂದು ವಿಚಾರಿಸಿ, ಕಾರಣ ತಿಳಿದು ನಕ್ಕುಬಿಟ್ಟ.

"ಗೌಡ್ರ, ರೋಜಾ ಹಿಡಿದಾವ ನಾನು. ಇವರ ಗಂಟಲಾ ಯಾಕ ಒಣಗಸ್ತೀರಿ? ಇವರು ನೀರಿಲ್ದ ಬಿದ್ರ ಅದು ನನ್ನ ಹಣಿಗೆ ಹತ್ತತೈತಿ."

"ನಿನಗ ಮರ್ಯಾದಿ ಕೊಡಾಕ ಹೋದ್ರ ನನಗ ಬುದ್ಧಿ ಹೇಳ್ತೀಯಲ್ಲೋ!"

"ಮರ್ಯಾದಿ ಮುಟ್ಟೇತ್ರಿ. ನೀರು ಅವರಿಗೆ ಮುಟ್ಟಲಿ."

ಆಮೇಲೆ ತಾನೇ ಗಡಿಗೆ ಹೊತ್ತು ತಂದು ಮೊದಲಿದ್ದ ಜಾಗದಲ್ಲಿಟ್ಟ. ನೀರು ಕುಡಿಯುವವರ ಪಕ್ಕದಲ್ಲೇ ಕೂತು ಉಳಿ ಮಸೆಯತೊಡಗಿದ. ನನಗೆ ಆ ಮನುಷ್ಯ ಅವತ್ತೇ ಹಿಡಿಸಿಬಿಟ್ಟ.

ಈಗ ನನ್ನ ಸೋಮವಾರದ ಮಾತು ಹೇಳಬೇಕು. ನಮ್ಮ ಕಡೆ ಅವರು ರೋಜಾ ಹಿಡಿಯುತ್ತಾರೆ, ನಾವು ಸೋಮವಾರ ಹಿಡಿಯುತ್ತೇವೆ. ಸೋಮವಾರ ಬಸವಣ್ಣನ ದಿನ, ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಊರಿಗೆಲ್ಲ ಅದು ರೂಢಿ. ನನಗೆ ಅದಕ್ಕಿಂತ ಹೆಚ್ಚು. ಹಿಂದೊಮ್ಮೆ ಕಾಲುಬಾಯಿ ಬೇನೆ ಬಂದು ನನ್ನ ಬಲಗಡೆಯ ಎತ್ತು ನೆಲ ಹಿಡಿದು ಮಲಗಿತ್ತು. ಅದರ ಕಿವಿಯಲ್ಲಿ ಬಾಯಿಟ್ಟು, "ನೀ ಒಂದು ಸಲ ಏಳು, ನಾ ಇರೂತನ ಸ್ವಾಮಾರ ನಿನ್ನ ಹೆಗಲಿಗೆ ನೊಗ ಮುಟ್ಟಸೂದಿಲ್ಲ" ಎಂದಿದ್ದೆ. ಅದು ಎದ್ದಿತು. ಅಂದಿನಿಂದ ನನ್ನ ಸೋಮವಾರ ಯಾರ ರೂಢಿಯೂ ಅಲ್ಲ, ನಾನು ಕೊಟ್ಟ ಮಾತು. ಶ್ರಾವಣದ ಸೋಮವಾರವಾದರೆ ಸಂಜೆ ಪೂಜೆಯಾಗುವವರೆಗೆ ನನಗೂ ಊಟವಿಲ್ಲ.

ಸೆಲೆ ಸಿಕ್ಕಿದ ಭಾನುವಾರಕ್ಕೆ ಬರುತ್ತೇನೆ. ಆ ಬಾವಿಯಲ್ಲಿ ಮೇಲೆ ಎರೆ ಮಣ್ಣು, ಅದರ ಕೆಳಗೆ ಹರಳು ಮಣ್ಣಿನ ಗರಸು, ಅದರ ಕೆಳಗೆ ಸಣ್ಣ ಉಸುಕಿನ ಒಂದು ಪದರ, ಆಮೇಲೆ ಬಂಡೆ. ಎಲ್ಲ ಕುತ್ತು ಆ ಉಸುಕಿನದು. ಒಣಗಿದ್ದರೆ ಸುಮ್ಮನಿರುತ್ತದೆ, ನೀರು ಮುಟ್ಟಿದರೆ ಅಂಬಲಿಯ ಹಾಗೆ ಹರಿಯುತ್ತದೆ. ಅದು ಹರಿದರೆ ಮೇಲಿನ ಗರಸು, ಎರೆ ಎಲ್ಲ ತಳವಿಲ್ಲದೆ ಕೆಳಗೆ ಬೀಳುತ್ತವೆ. ಅದಕ್ಕೇ ಕಾಕಾ ಬಂಡೆಯ ಮೇಲೆ ಸುತ್ತಲೂ ಕಲ್ಲಿನ ಉಂಗುರ ಕಟ್ಟಿ ಉಸುಕನ್ನು ಹಿಂದೆ ತಡೆಯುತ್ತಿದ್ದ. ಉಂಗುರ ಮುಕ್ಕಾಲು ಕೂಡಿತ್ತು. ಉಳಿದ ಕಾಲು ಭಾಗಕ್ಕೆ ಹಲಗೆ ಒತ್ತು ಕೊಟ್ಟಿದ್ದರು. ಸೆಲೆ ಒಡೆದದ್ದು ನೇರ ಆ ಹಲಗೆಗಳ ಬುಡದಲ್ಲಿ!

ಕತ್ತಲಾಗುವವರೆಗೆ ಎರಡೂ ಕಪಿಲೆ ಹೊಡೆದು ತಳದ ಗುಳಿ ಬರಿದು ಮಾಡಿದೆವು. "ಈ ಗುಳಿ ತುಂಬೂದರೊಳಗ ಬೆಳಗಾಗತೈತಿ" ಎಂದು ಕಾಕಾ ಅಂದಾಜು ಹೇಳಿದ. ನನ್ನ ಅಂದಾಜೂ ಅಷ್ಟೇ ಇತ್ತು.

ಬೆಳಗ್ಗೆ ಹೋಗಿ ನೋಡಿದರೆ ಇಬ್ಬರ ಅಂದಾಜೂ ತಪ್ಪಿತ್ತು. ಗುಳಿ ತುಂಬಿ, ನೀರು ಬಂಡೆಯ ಮೇಲೆ ಹರಡಿ, ಉಸುಕಿನ ಪದರಕ್ಕೆ ಗೇಣಷ್ಟೇ ಉಳಿದಿತ್ತು. ಕಾಕಾ ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಗಡ್ಡ ನೀವಿಕೊಂಡ.

"ಇವತ್ತು ಹೊತ್ತು ಮುಳುಗೂದರೊಳಗ ಉಂಗುರ ಕೂಡಬೇಕು. ಕೂಡಿದ್ರ ಬಾವಿ, ಇಲ್ಲಂದ್ರ ಮಣ್ಣು ಮುಚ್ಚೂದಷ್ಟ. ನಾ ಇಳೀತೀನಿ. ನೀರು ಏರದಂಗ ನೋಡ್ಕೋರಿ, ಅಷ್ಟ ಸಾಕು."

ಅವತ್ತು ಸೋಮವಾರ.

ಗೌಡರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಷ್ಟರಲ್ಲಿ ಆಚೆ ಇಳಿಜಾರಿನಲ್ಲಿ ಕೊರಳ ಗಂಟೆಯ ಸದ್ದು. ಕರಿ ಎತ್ತಿನವನು ತನ್ನ ಜೋಡಿಯನ್ನು ಹೊಡೆದುಕೊಂಡು ಬಂದು ನೊಗಕ್ಕೆ ಕಟ್ಟುತ್ತಿದ್ದ.

"ಲೇ! ಇವತ್ತು ಸ್ವಾಮಾರ ಐತಿ ಅನ್ನೂದು ಅರುವೈತೇನು? ಶ್ರಾವಣ ಸ್ವಾಮಾರ!" ಎಂದು ಗೌಡರು ಕಿರುಚಿದರು.

"ಅರುವೈತ್ರಿ."

"ಊರಿಗೆ ಕೇಡು ತರಾಕ ನಿಂತೀಯೇನು? ನಾಳಿಂದ ನಿನ್ನ ಮನಿ ಬೆಂಕಿ ನೀರು ಬಂದ್ ಮಾಡಸ್ತೀನಿ!"

"ಬಸವಣ್ಣ ಕೇಳಿದ್ರ ನಾ ಹೇಳ್ತೀನಿ, ಮಂದಿ ಕೆಳಗ ಇದ್ರು, ಅದಕ್ಕ ಹೂಡಿದೆ ಅಂತ. ನಡುವ ನೀವ್ಯಾಕ ಬರ್ತೀರಿ? ನೀವೇನು ಅವನ ವಕೀಲರ?" ಎಂದ. ಜೊತೆಗೆ ಒಂದು ಬೈಗುಳ ಸೇರಿಸಿದ, ಅದನ್ನು ಇಲ್ಲಿ ಬರೆಯಲಾಗದು.

ಮಂದಿ ಗುಜುಗುಜು ಎಂದರು. ಇಬ್ಬರು ಹೋಗಿ ಅವನ ಎತ್ತಿನ ಹಗ್ಗಕ್ಕೆ ಕೈ ಹಾಕಿದರು. ನನಗೆ ಯಾವಾಗಲೂ ಸಿಟ್ಟು ಬಂದರೆ ತಲೆಗೇ ಏರುವುದು. ಓಡಿ ಹೋಗಿ ಅವರಿಬ್ಬರನ್ನೂ ನೂಕಿದೆ. "ಬಿಡ್ರಿ ಹಗ್ಗ! ಎತ್ತು ಅವನವು, ಸ್ವಾಮಾರ ಅವನದು, ಹೂಡಿದ್ದೂ ಅವನ. ನಾಳೆ ಉತ್ತರ ಹೇಳಾವನೂ ಅವನ. ನಿಮಗೇನು?" ಎಂದೆ. ಕರಿ ಎತ್ತಿನವನು ನನ್ನನ್ನು ವಿಚಿತ್ರವಾಗಿ ನೋಡಿ ಎತ್ತು ಹೊಡೆದ. ಆ ಬದಿಯ ಕಪಿಲೆ ನಡೆಯಿತು.

ಆದರೆ ಆ ಸೆಲೆಗೆ ಒಂದು ಕಪಿಲೆ ಯಾವ ಮೂಲೆಗೂ ಸಾಲದು. ಎರಡನೆಯದು ನಡೆಯಲೇಬೇಕು, ಎರಡನೆಯದು ನನ್ನದು. ಗೌಡರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ನೋಡಪಾ, ನಿನ್ನ ಸ್ವಾಮಾರನೂ ಉಳೀಬೇಕು, ಬಾವಿನೂ ಉಳೀಬೇಕು. ನಾ ಒಂದು ದಾರಿ ಹೇಳ್ತೀನಿ. ಕಲ್ಲು ಹೊರಾಕ ಬಂದ ಸಾಬರ ಮಂದಿ ಅದಾರಲ್ಲ, ಅವರ ಕೈಯಾಗ ನಿನ್ನ ಎತ್ತು ಕೊಡು. ಅವರು ಹೊಡೀಲಿ. ಅವರಿಗೇನು ಸ್ವಾಮಾರ ಇಲ್ಲ, ಮಂಗಳಾರ ಇಲ್ಲ. ನೀ ದೂರ ಹೋಗಿ ಕೂಡು, ನಿನಗ ಪಾಪ ಹತ್ತೂದಿಲ್ಲ."

ಸುತ್ತಲಿನವರಿಗೆ ಈ ಮಾತು ಭಾಳ ರುಚಿಸಿತು. ಹೌದ್ರಿ, ಹೌದ್ರಿ ಎಂದರು. ಕಾಕಾ ಇಳಿಯಲು ಹಗ್ಗ ಸೊಂಟಕ್ಕೆ ಬಿಗಿಯುತ್ತಿದ್ದವನು ಅಲ್ಲಿಂದಲೇ ಹೇಳಿದ: "ತಮ್ಮಾ, ನೀ ಹೊಡೀರಿ ಅಂದ್ರ ನಮ್ಮ ಹುಡುಗ್ರು ಹೊಡೀತಾರ. ನಮ್ಮದೇನು ತಕರಾರಿಲ್ಲ."

ನಾನು ಒಂದು ಗಳಿಗೆ ಒಪ್ಪುವವನೇ ಇದ್ದೆ. ಎಷ್ಟು ಸುಲಭದ ದಾರಿ! ಆದರೆ ಮರದ ಕೆಳಗೆ ನನ್ನ ಬಲಗಡೆಯ ಎತ್ತು ಮೆಲುಕು ಹಾಕುತ್ತ ನನ್ನ ಕಡೆಗೇ ನೋಡುತ್ತಿತ್ತು. ಅದರ ಹೆಗಲ ಮೇಲೆ ನೊಗ ಬಿದ್ದರೆ ಹೊಡೆಯುವವನ ಜಾತಿ ಅದಕ್ಕೇನು ಗೊತ್ತು? ಭಾರ ಅಷ್ಟೇ ಗೊತ್ತು. ಮಾತು ಕೊಟ್ಟವನು ನಾನು. ಮುರಿಯುವುದಾದರೆ ನನ್ನ ಕೈಯಿಂದಲೇ ಮುರಿಯಬೇಕು, ರೋಜಾ ಹಿಡಿದು ಹಸಿದು ನಿಂತವರ ಕೈಯಿಂದ ಮುರಿಸುವುದು ಯಾವ ನ್ಯಾಯ? ಅವರೇನು ನಮ್ಮ ಪಾಪ ಹೊರುವ ಹಮಾಲರೆ?

"ಬ್ಯಾಡ ಗೌಡ್ರ. ನನ್ನ ಸ್ವಾಮಾರ ಇನ್ನೊಬ್ಬರ ತಲಿಗೆ ಕಟ್ಟಂಗಿಲ್ಲ ನಾನು."

"ಹಂಗಾರ ಬಾವಿ ಮುಚ್ಚೋಣೇನು?"

"ನೊಗ ತರ್ರಿ," ಎಂದೆ. "ಎತ್ತಿನ ಜಾಗಾದಾಗ ನಾ ನಿಂದರ್ತೀನಿ. ಬರಾವ್ರು ಬರ್ರಿ, ಬರದವ್ರು ಬ್ಯಾಡ."

ಯಾರೋ ಕಿಸಕ್ಕನೆ ನಕ್ಕರು. ಗೌಡರು ಹಣೆ ಬಡಿದುಕೊಂಡರು. ನಾನು ದಂಡೆಗೆ ಹೋಗಿ ಕಾಕಾನಿಗೆ ಒಂದು ಮಾತು ಹೇಳಿದೆ, ಎಲ್ಲರಿಗೂ ಕೇಳುವಂತೆ. "ಕಾಕಾ, ನನ್ನ ಎತ್ತು ಇಲ್ಲೇ ಇಳಿಜಾರಿನ ಬಾಜೂಕ ಕಟ್ಟಿರ್ತೀನಿ. ನೀರು ಏರತೈತಿ ಅಂತ ನೀ ಒಂದು ಸಲ ಕೂಗು, ನಾನ ಎತ್ತು ಹೂಡ್ತೀನಿ. ನನ್ನ ವ್ರತಕ್ಕ ನಿನ್ನ ಜೀವ ಒತ್ತಿ ಇಡಂಗಿಲ್ಲ."

"ಕೂಗಾಕ ನನ್ನ ಬಾಯಿ ಗಟ್ಟಿ ಐತಿ, ಚಿಂತಿ ಮಾಡಬ್ಯಾಡ" ಎಂದು ನಗುತ್ತ ಕೆಳಗಿಳಿದ.

ನೊಗದ ಒಂದು ಕಡೆಗೆ ನಾನು, ಇನ್ನೊಂದು ಕಡೆಗೆ ಅಗೆಯುವವರಲ್ಲಿ ಒಬ್ಬ ಜಟ್ಟಿ. ಹಿಂದೆ ಮಿಣಿ ಹಿಡಿದು ಉಳಿದ ಗಂಡಸರು. ಕಲ್ಲು ಹೊರುವವರೂ ಬಂದು ನಿಂತರು. "ನೀವು ರೋಜಾ ಇದ್ದೀರಿ, ಬ್ಯಾಡ್ರೋ" ಎಂದೆ. "ಕಲ್ಲು ಹೊತ್ರೂ ಅದ, ಹಗ್ಗ ಎಳದ್ರೂ ಅದ. ನಡೀರಿ" ಎಂದರು.

ಮೊದಲನೆಯ ಕಪಿಲೆಯಲ್ಲೇ ಮಾನ ಹೋಯಿತು. ಎತ್ತಿನ ಗೊರಸಿಗೆ ಅಂತ ಮಾಡಿದ ಇಳಿಜಾರು ಅದು, ಮನುಷ್ಯರ ಪಾದ ನಿಲ್ಲುವುದಿಲ್ಲ. ತುಂಬಿದ ಚೀಲ ಅರ್ಧ ಮೇಲೆ ಬಂದಿತ್ತು. ಜಟ್ಟಿಯ ಕಾಲು ಜಾರಿತು, ನಾನು ಮೊಣಕಾಲೂರಿದೆ, ಮಿಣಿ ಎಲ್ಲರನ್ನೂ ಹಿಂದಕ್ಕೆ ದರದರ ಎಳೆದುಕೊಂಡು ಹೋಯಿತು. ಚೀಲ ಧಡ್ ಎಂದು ತಳಕ್ಕೆ ಬಿತ್ತು. ನನ್ನ ಜೀವ ಬಾಯಿಗೆ ಬಂತು. ದಂಡೆಗೆ ಓಡಿ ಬಗ್ಗಿದೆ.

"ಕಾಕಾ! ಕಾಕಾ!"

"ಅದೀನೋ! ಗ್ವಾಡಿಗೆ ಹಲ್ಲಿ ಹತ್ತಿದಂಗ ಹತ್ತೀನಿ! ನಮಾಜಿಲ್ದ ನನ್ನ ಮಣ್ಣು ಮಾಡಬೇಕಂತ ಮಾಡೀರೇನು?" ಎಂದು ಬೈದ. ಆ ಬೈಗುಳ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲೇ ಅವನು ದನಿ ಬದಲಿಸಿ ಹೇಳಿದ: "ತಮ್ಮಾ, ನೀರು ಏರಾಕತ್ತೈತಿ. ಹಲಗಿ ಬುಡಕ್ಕ ಬಂತು."

ಮಾತು ಮಾತೇ. ನಾನು ಸೀದಾ ಎತ್ತುಗಳ ಹತ್ತಿರ ಹೋಗಿ ಹಗ್ಗ ಬಿಚ್ಚಿದೆ. ಬಲಗಡೆಯದರ ಕೊರಳು ಮುಟ್ಟಿ, "ತಪ್ಪಾತಪಾ, ಇವತ್ತೊಂದಿನ" ಎಂದೆ. ಎರಡನ್ನೂ ನಡೆಸಿಕೊಂಡು ಇಳಿಜಾರಿನ ತಲೆಗೆ ಬಂದೆ. ಅಲ್ಲಿ ಉಳಿದವರು ಅಷ್ಟರಲ್ಲಿ ಮೇಲೆ ಎಳೆದಿಟ್ಟ ಬರಿದಾದ ಕಪಿಲೆ ಬಿದ್ದಿತ್ತು. ಅದನ್ನು ನೋಡುತ್ತ ನಿಂತವನಿಗೆ ತಟ್ಟನೆ ಹೊಳೆಯಿತು. ಇಷ್ಟು ದಿನ ಎತ್ತಿನ ಬಲಕ್ಕೆ ತಕ್ಕ ಚೀಲ ಹಾಕುತ್ತಿದ್ದೇವೆ. ಮನುಷ್ಯರ ಬಲಕ್ಕೆ ಮನುಷ್ಯರ ಚೀಲ ಬೇಡವೆ? ಎತ್ತುಗಳ ಹಗ್ಗ ಪಕ್ಕದವನ ಕೈಗೆ ಕೊಟ್ಟು, ತಲೆಯ ವಸ್ತ್ರ ಬಿಚ್ಚಿ, ಕಪಿಲೆಯ ಹೊಟ್ಟೆಗೆ ಸುತ್ತಿ ಬಿಗಿದು ಕಟ್ಟಿದೆ. ಅರ್ಧವೇ ನೀರು ಹಿಡಿಯುವಷ್ಟಾಯಿತು. ಇಳಿಜಾರಿಗೆ ಬುಟ್ಟಿಗಟ್ಟಲೆ ಗರಸು ಚೆಲ್ಲಿಸಿದೆ, ಕಾಲಿಗೆ ಹಿಡಿತ ಸಿಗಲೆಂದು.

"ಕಾಕಾ, ಒಂದ ಎಳತ ನೋಡ್ತೀನಿ. ಆಗಲಿಲ್ಲಂದ್ರ ಎತ್ತು ಹೂಡಾಕ ನಿಂತಾವ!"

"ಲಗೂನ ನೋಡು!"

ಎಳೆದೆವು. ಚೀಲ ಹಗುರಾಗಿ ಮೇಲೆ ಬಂತು, ನೀರು ಕಾಲುವೆಗೆ ಬಿತ್ತು. ಆಗ ಇನ್ನೊಂದು ಗೊತ್ತಾಯಿತು. ಎತ್ತಾದರೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹತ್ತಬೇಕು, ಹೊತ್ತು ಹಿಡಿಯುತ್ತದೆ. ನಾವು ತಿರುಗಿ ನಿಂತು ಓಡಬಹುದು! "ತಿರುಗ್ರಿ, ಓಡ್ರಿ!" ಎಂದು ಕೂಗಿದೆ. ಎಲ್ಲರೂ ಮೇಲಕ್ಕೆ ಓಡಿದರು. ಕರಿ ಎತ್ತಿನವನ ಒಂದು ಚೀಲ ಬರುವಷ್ಟರಲ್ಲಿ ನಮ್ಮ ಎರಡು ಅರ್ಧ ಬರತೊಡಗಿದವು. ಅವನು ಆಚೆಯಿಂದ ನೋಡಿ, "ಏನ್ಲೇ, ಎತ್ತಿಗಿಂತ ನೀನ ಛಲೋ ಹಿಂದ ಸರೀತಿ!" ಎಂದು ಛೇಡಿಸಿದ. ಕೆಳಗಿಂದ ಕಾಕಾ, "ನಿಂತೈತಿ! ನೀರು ನಿಂತೈತಿ! ಹಿಂಗ ನಡೀಲಿ!" ಎಂದ. ನಾನು ಎತ್ತುಗಳನ್ನು ಮತ್ತೆ ಮರದ ಕೆಳಗೆ ಕಟ್ಟಿಸಿದೆ.

ಹೊತ್ತು ನೆತ್ತಿಗೆ ಬಂತು. ಹೊಟ್ಟೆಯಲ್ಲಿ ಏನೂ ಇಲ್ಲ, ನೊಗದ ಕೆಳಗೆ ಹೆಗಲು ಸುಲಿದು ಅಂಗಿ ಅಂಟಿಕೊಂಡಿತು. ಎತ್ತಿನ ಹೆಗಲು ಯಾಕೆ ಗಂಟು ಕಟ್ಟುತ್ತದೆ ಎಂದು ಅವತ್ತು ಮೈಯಿಂದಲೇ ತಿಳಿದೆ. ಎಳೆಯುವವರಲ್ಲಿ ಒಬ್ಬೊಬ್ಬರೇ ಬಸವಳಿದು ಕೂರತೊಡಗಿದರು. ಓಟ ನಡಿಗೆಯಾಯಿತು. ಆಗಲೇ ಹೆಂಗಸರು ಹಳ್ಳದಿಂದ ಕೊಡ ಹೊತ್ತು ಬಂದದ್ದು. ಮುಂದೆ ನನ್ನ ಹೆಂಡತಿ. ನೊಗದ ಕೆಳಗೆ ನಾನಿರುವುದನ್ನು ಕಂಡು ಒಂದು ಗಳಿಗೆ ದಂಗಾಗಿ ನಿಂತಳು. ಆಮೇಲೆ ಕೊಡ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸರೀರಿ ಆಕಡಿ," ಎಂದಳು.

"ಹೆಂಗಸರು ಮಿಣಿ ಹಿಡಿಯೂದು ಎಲ್ಲೆರೆ ಐತೇನವಾ?" ಎಂದು ಗೌಡರು ಅಡ್ಡ ಬಂದರು.

"ಎಪ್ಪಾ, ಕೊಡ ಹೊರಾಕ ಹೆಂಗಸರು ಬೇಕು, ಹಗ್ಗ ಹಿಡಿಯಾಕ ಬ್ಯಾಡೇನು? ಇವರ ಸ್ವಾಮಾರ ಇವರಿಗೆ ಇರಲಿ. ನನ್ನ ತಲಿ ಮ್ಯಾಲಿನ ಕೊಡ ಇಳಿಸೋ ಬಾವಿ ಇದು, ನಾ ಬಿಡಂಗಿಲ್ಲ" ಎಂದಳು. ಅವಳ ಹಿಂದೆ ಉಳಿದ ಹೆಂಗಸರೂ ಕೊಡ ಇಳಿಸಿದರು. ಗೌಡರು ಕೋಲು ಮರಕ್ಕೆ ಆನಿಸಿ, ರುಮಾಲು ಬಿಗಿದು, ತಾವೂ ಬಂದು ಸಾಲಿನ ಕೊನೆಗೆ ಹಗ್ಗ ಹಿಡಿದರು. ಅವರು ಎಳೆದದ್ದು ಎಷ್ಟೋ ದೇವರಿಗೇ ಗೊತ್ತು, ಆದರೆ ಗೌಡರು ಹಗ್ಗ ಹಿಡಿದದ್ದು ಕಂಡು ಕೂತವರೆಲ್ಲ ಎದ್ದರು.

ಆಮೇಲೆ ಕಪಿಲೆ ನಿಲ್ಲಲೇ ಇಲ್ಲ. ಆಚೆ ಬದಿ ಎತ್ತು, ಈಚೆ ಬದಿ ಮನುಷ್ಯರು. ಕೆಳಗೆ ಕಾಕಾ ಹಲಗೆ ಒಂದೊಂದಾಗಿ ತೆಗೆದು, ತೆಗೆದಲ್ಲಿ ಕಲ್ಲು ಕೂಡಿಸಿ, ಹಿಂದೆ ಗರಸು ಜಡಿಯುತ್ತಿದ್ದ. ಸೆಲೆಯ ನೀರು ಒಳಗೆ ಬರಲು ಕಲ್ಲಿನ ನಡುವೆ ಒಂದು ಕಿಂಡಿ ಬಿಟ್ಟಿದ್ದ. ನಾಲಿಗೆ ಒಣಗಿ ಅವನ ಕೂಗು ಕೂಗಾಗಿ ಕೇಳುತ್ತಿರಲಿಲ್ಲ, ಸುತ್ತಿಗೆಯನ್ನು ಕಲ್ಲಿಗೆ ಬಡಿದು ನಮಗೆ ಗುರುತು ಕೊಡುತ್ತಿದ್ದ. ಆ ಸದ್ದು ಬರುತ್ತಿರುವವರೆಗೆ ನಮಗೆ ಧೈರ್ಯ.

ಹೊತ್ತು ಕೆಂಪಗಾಗುವಾಗ ಕೆಳಗಿಂದ ಸುತ್ತಿಗೆಯ ಪೆಟ್ಟು ಒಂದರ ಮೇಲೊಂದು ಬಂತು, ಆಮೇಲೆ ಒಡೆದ ದನಿ: "ಕೂಡ್ತು! ಉಂಗುರ ಕೂಡ್ತು!"

ನಾನು ನೊಗ ಬಿಸಾಕಿ ನೆಲಕ್ಕೆ ಕೂತೆ. ಹೆಂಗಸರು ಕೇಕೆ ಹಾಕಿದರು. ಜಟ್ಟಿ ಅಳುತ್ತಿದ್ದ. ನನಗಂತೂ ಎದೆ ಹಿಗ್ಗಿ ಹಿಗ್ಗಿ ಇನ್ನು ಒ​ಡೆಯುತ್ತದೇನೋ ಅನ್ನಿಸಿತು. ನಾನು ಆಮೇಲೆ ಎಷ್ಟೋ ಬಾವಿಯ ನೀರು ಎತ್ತಿದ್ದೇನೆ, ಆ ಹಿಗ್ಗು ಮತ್ತೆ ಬರಲಿಲ್ಲ. ಕೊನೆಯ ಎಳೆತದಲ್ಲಿ ಕಾಕಾನನ್ನೇ ಮೇಲೆ ತಂದೆವು. ಮೈಯೆಲ್ಲ ಕೆಸರು, ತುಟಿ ಬಿಳಚಿ ಸೀಳಿದ್ದವು. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಎದುರಿಗೆ ಕಪಿಲೆಯ ತುಂಬ ತಿಳಿ ನೀರು. ಅವನು ಅದರ ಕಡೆಗೆ ನೋಡದೆ ಪಡುವಣ ದಿಕ್ಕು ನೋಡುತ್ತ ಕೂತ.

ಗೌಡರಿಗೆ ತಡೆಯಲಾಗಲಿಲ್ಲ. "ಮೇಸ್ತ್ರಿ, ಈ ನೀರು ಮೊದಲು ನೀನ ಕುಡೀಬೇಕು" ಎಂದರು.

"ಬ್ಯಾಡ್ರಿ ಗೌಡ್ರ. ನಿಮ್ಮ ಗಂಗವ್ವನ ಪೂಜಿ ಆಗಿಲ್ಲ. ಅದು ಆಗೂತನ ನನಗ ಆ ಗಡಿಗಿ ನೀರ ಸಾಕು" ಎಂದ. ಹೊತ್ತು ಮುಳುಗಿದ ಮೇಲೆ ಬೆಲ್ಲದ ಚೂರು ಬಾಯಿಗೆ ಹಾಕಿ, ಹಳೆಯ ಗಡಿಗೆಯ ಹಳ್ಳದ ನೀರನ್ನೇ ಕುಡಿದ. ನನ್ನ ಹೆಂಡತಿ ಬೇಗ ಬೇಗ ಅರಿಸಿನ ಕುಂಕುಮ ತಂದು, ಒಂದು ಹಿಡಿ ಹೂವು ಬಾವಿಗೆ ಹಾಕಿ ಪೂಜೆ ಮುಗಿಸಿದಳು. ಅವನು ಕಾಯಬೇಕಲ್ಲ ಎಂದು ಅವಳು ಆರತಿ ಹಾಡನ್ನೂ ಅರ್ಧಕ್ಕೆ ಮುಗಿಸಿದಳು.

"ಈಗ ಯಾರು ಮೊದಲು?" ಎಂದರು ಗೌಡರು.

"ಸ್ವಾಮಾರಲ್ಲೇನ್ರಿ? ಮೊದಲು ಎತ್ತಿಗೆ" ಎಂದಳು ಅವಳು.

ದನ ನೀರು ಕುಡಿಯುವ ಕಲ್ಲಿನ ದೋಣಿಗೆ ನೀರು ತುಂಬಿದೆವು. ನಾನು ಎತ್ತುಗಳನ್ನು ಬಿಚ್ಚಿಕೊಂಡು ಬಂದೆ. ಬಂದವನಿಗೆ ಆಚೆ ಇಳಿಜಾರಿನ ಬದಿ ಕರಿ ಎತ್ತಿನವನು ಒಬ್ಬನೇ ನಿಂತದ್ದು ಕಂಡಿತು. ಅವನ ಎತ್ತುಗಳು ಬೆವರಿಗೆ ನೆನೆದು, ಹೆಗಲ ಮೇಲೆ ನೊಗದ ಗುರುತು ಎದ್ದು, ದೋಣಿಯ ಕಡೆಗೆ ಮೂತಿ ಚಾಚುತ್ತಿದ್ದವು. ಅವನು ಹಗ್ಗ ಬಿಗಿಯಾಗಿ ಹಿಡಿದಿದ್ದ. ಯಾರೂ ಅವನನ್ನು ಕರೆದಿರಲಿಲ್ಲ.

ನಾನು ನನ್ನ ಜೋಡಿಯನ್ನು ಹೆಂಡತಿಯ ಕೈಗೆ ಕೊಟ್ಟು ಅವನ ಹತ್ತಿರ ಹೋದೆ. ಅವನ ಕೈಯಿಂದ ಹಗ್ಗ ತೆಗೆದುಕೊಂಡೆ.

"ಏನು ಮಾಡ್ತೀಯೋ?" ಎಂದ.

"ನನ್ನವು ದಿನಾ ಪೂರ್ತಿ ನೆರಳಾಗ ಮೆಲಕ ಹಾಕ್ಯಾವ. ದುಡಿದಾವು ನಿನ್ನವು. ಮೊದಲು ಇವು ಕುಡೀಲಿ."

ಎಲ್ಲರ ನಡುವೆ ಅವನ ಎತ್ತುಗಳನ್ನು ನಡೆಸಿಕೊಂಡು ಬಂದು ದೋಣಿಗೆ ಬಿಟ್ಟೆ. ಅವು ಕಿವಿ ಮುಳುಗುವಂತೆ ಮೂತಿಯಿಟ್ಟು ಕುಡಿದವು. ನಾನು ಗೌಡರ ಮುಖ ನೋಡಲಿಲ್ಲ, ನೋಡುವ ಗರಜೂ ಇರಲಿಲ್ಲ. ಆಮೇಲೆ ನನ್ನ ಜೋಡಿ ಕುಡಿಯಿತು, ಆಮೇಲೆ ಕಾಕಾ, ಆಮೇಲೆ ಊರು. ನೀರು ಸಿಹಿಯಾಗಿತ್ತು.

ಕರಿ ಎತ್ತಿನವನು ತನ್ನ ಎತ್ತುಗಳ ಹೆಗಲಿಗೆ ಎಣ್ಣೆ ತಿಕ್ಕುತ್ತ, ನನ್ನ ಕಡೆ ನೋಡದೆ ಗೊಣಗಿದ: "ನಾಳೆ ನನ್ನ ಎತ್ತು ಹೂಡಂಗಿಲ್ಲ. ಇವತ್ತಿಂದು ನಾಳೆ ಹಿಡೀತೀನಿ."

"ಹಿಡಿ," ಎಂದೆ. "ನಾಳೆ ಎರಡೂ ಕಡೆ ನಾ ಹೊಡೀತೀನಿ."

ಮಂಗಳವಾರ ಬೆಳಗ್ಗೆ ಉಂಗುರದ ಮೇಲಿನ ಸಾಲಿನ ಕಲ್ಲು ಕಟ್ಟುವ ಕೆಲಸ ಶುರುವಾಯಿತು. ನಾನು ನನ್ನ ಜೋಡಿಯನ್ನು ಈ ಇಳಿಜಾರಿನಲ್ಲಿ ಹೊಡೆದು, ಮತ್ತೆ ಆ ಇಳಿಜಾರಿಗೆ ಬದಲಿಸಿ ಹೊಡೆಯುತ್ತಿದ್ದೆ. ಸುಲಿದ ಹೆಗಲಿಗೆ ಹೆಂಡತಿ ಅರಿಸಿನ ಮೆತ್ತಿದ್ದಳು. ಅಷ್ಟರಲ್ಲಿ ಊರಿನವನೊಬ್ಬ ಓಡುತ್ತ ಬಂದ. ಕಲ್ಲು ತುಂಬಿದ ಗಾಡಿ ಹಳ್ಳದ ಉಸುಕಿನಲ್ಲಿ ಹೂತಿದೆಯಂತೆ, ಎಳೆಯಲು ಇನ್ನೊಂದು ಜೋಡಿ ಬೇಕಂತೆ. ಮರದ ಕೆಳಗೆ ಮಲಗಿದ್ದ ಕರಿ ಎತ್ತುಗಳ ಕಡೆಗೆ ಹೋಗಿ ಹಗ್ಗಕ್ಕೆ ಕೈ ಹಾಕಿದ. ಒಡೆಯ ಅಲ್ಲಿರಲಿಲ್ಲ, ಎತ್ತಿಗೆ ಹುಲ್ಲು ತರಲು ಹೋಗಿದ್ದ.

ದಂಡೆಯ ಮೇಲೆ ಕೂತಿದ್ದ ಗೌಡರು ಕೋಲೆತ್ತಿಕೊಂಡು ಎದ್ದು ನಿಂತರು.

"ಏ ತಮ್ಮಾ, ಬಿಡು ಆ ಹಗ್ಗ! ಬೇರೆ ಜೋಡಿ ನೋಡ್ಕೋ ಹೋಗು. ಅವಂಗ ಇವತ್ತು ಸ್ವಾಮಾರ ಐತಿ."